ಮಂಜಿನ ತಗ್ಗಿನಿಂದ ಮೋಡದ ಊರಿಗೆ

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿಗೆ ಹೋದವರೆಲ್ಲ ಶ್ವೇತಭವನ, ಕ್ಯಾಪಿಟಲ್ ಕಟ್ಟಡ, ಲಿಂಕನ್ ಸ್ಮಾರಕಗಳನ್ನು ನೋಡಿ ಬರುತ್ತಾರೆ. ಅದೇ ನಗರದ ನೆಲದಡಿಯಿಂದ ಹೊರಟು ಪೊಟೊಮ್ಯಾಕ್ ನದಿಯನ್ನು ಸುರಂಗದಲ್ಲಿ ದಾಟಿ ಪಶ್ಚಿಮಕ್ಕೆ ಓಡುವ ಮೆಟ್ರೊ ರೈಲೊಂದಿದೆ. ನಕ್ಷೆಯಲ್ಲಿ ಅದಕ್ಕೆ ಬೆಳ್ಳಿಯ ಬಣ್ಣ. ಹೆಸರೂ ಸಿಲ್ವರ್ ಲೈನ್. 2014ರ ಜುಲೈನಲ್ಲಿ ಅರ್ಧ ದಾರಿ, 2022ರ ನವೆಂಬರ್‌ನಲ್ಲಿ ಉಳಿದರ್ಧ ದಾರಿ ಸಂಚಾರಕ್ಕೆ ತೆರೆಯಿತು. ಈ ರೈಲಿನ ಗುಂಟ ಪ್ರವಾಸಿ ಪುಸ್ತಕಗಳು ಹೇಳುವಂಥ ಸ್ಮಾರಕಗಳು ಕಡಿಮೆ. ಆದರೆ ಜಗತ್ತಿನ ಕಂಪೆನಿಗಳು, ಬ್ಯಾಂಕುಗಳು, ಸರ್ಕಾರಗಳು ತಮ್ಮ ಕಡತಗಳನ್ನು ಎಲ್ಲಿಡುತ್ತವೆ, ಕಳ್ಳರು ಅವುಗಳನ್ನು ಹೇಗೆ ಒಯ್ಯುತ್ತಾರೆ, ಒಯ್ದದ್ದು ಯಾರ ಕಣ್ಣಿಗೆ ಯಾವಾಗ ಬೀಳುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬೇಕಾದವರು ಈ ಒಂದೇ ರೈಲಿನಲ್ಲಿ ಕುಳಿತರೆ ಸಾಕು. ನಗರದ ನಡುವಿನಿಂದ ಕೊನೆಯ ನಿಲ್ದಾಣಕ್ಕೆ ಸುಮಾರು ಒಂದು ಗಂಟೆಯ ದಾರಿ.

'ಕ್ಲೌಡ್', ಅಂದರೆ ಮೋಡ ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಫೋಟೊ ಎಲ್ಲಿದೆ? ಮೋಡದಲ್ಲಿ. ಬ್ಯಾಂಕಿನ ಲೆಕ್ಕ ಎಲ್ಲಿದೆ? ಮೋಡದಲ್ಲಿ. ಆಕಾಶದ ಕಡೆ ಕೈ ತೋರಿಸುವಂತಿರುವ ಈ ಉತ್ತರ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮೋಡವೆಂದರೆ ಇನ್ನೊಬ್ಬರ ಕಟ್ಟಡದಲ್ಲಿ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಬಾಡಿಗೆಗೆ ಪಡೆದ ಜಾಗ, ಅಷ್ಟೇ. ಆ ಕಟ್ಟಡಗಳಿಗೆ ಊರಿದೆ, ರಸ್ತೆಯಿದೆ, ವಿದ್ಯುತ್ ಬಿಲ್ಲೂ ಇದೆ. ಸಿಲ್ವರ್ ಲೈನಿನ ಕೊನೆಯ ನಿಲ್ದಾಣ ಆಶ್‌ಬರ್ನ್ ಅಂಥದೊಂದು ಊರು. ಅಲ್ಲಿಗೆ ತಲುಪುವ ಮುನ್ನ ದಾರಿಯಲ್ಲಿ ಮೂರು ಕಡೆ ಇಳಿಯಬೇಕು.

ಒಂದು ಕಟ್ಟಡ ಕಂಡಿತು, ಇನ್ನೊಂದಕ್ಕೆ ತಿಳಿಸಬೇಕಾಯಿತು

ಮೊದಲ ತಾಣ ಫಾಗಿ ಬಾಟಮ್. ಹೆಸರನ್ನು ಕನ್ನಡಿಸಿದರೆ 'ಮಂಜಿನ ತಗ್ಗು' ಎಂದಾಗುತ್ತದೆ. ಹಿಂದೆ ಇಲ್ಲಿದ್ದ ಗ್ಯಾಸ್ ಕಾರ್ಖಾನೆಯ ಹೊಗೆ ಮತ್ತು ನದಿಯ ಮಂಜು ಸೇರಿ ಈ ಹೆಸರು ಬಂತೆನ್ನುತ್ತಾರೆ. ಇಂದು ಇಲ್ಲಿ ಹೊಗೆಯಿಲ್ಲ. ನಿಲ್ದಾಣದಿಂದ ಹತ್ತು ಹನ್ನೆರಡು ನಿಮಿಷ ದಕ್ಷಿಣಕ್ಕೆ ನಡೆದರೆ ಅಮೆರಿಕದ ವಿದೇಶಾಂಗ ಇಲಾಖೆಯ ವಿಶಾಲ ಕಟ್ಟಡ ಎದುರಾಗುತ್ತದೆ. ಅಧ್ಯಕ್ಷ ಟ್ರೂಮನ್ ಅವರ ಹೆಸರಿನ ಈ ಕಟ್ಟಡದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರು ವಿರಳ.

ಈ ಇಲಾಖೆಯ ಇ-ಮೇಲ್ ಇರುವುದು ಮೈಕ್ರೋಸಾಫ್ಟ್ ಕಂಪೆನಿಯ ಮೋಡದಲ್ಲಿ. 2023ರ ಮೇ ತಿಂಗಳಿನಿಂದ ಒಂದು ಗುಂಪು ಆ ಅಂಚೆಪೆಟ್ಟಿಗೆಗಳನ್ನು ಸದ್ದಿಲ್ಲದೆ ಓದತೊಡಗಿತ್ತು. ಮೈಕ್ರೋಸಾಫ್ಟ್ ಈ ಗುಂಪು ಚೀನಾ ಮೂಲದ್ದೆಂದು ಹೇಳಿತು. ಬಾಗಿಲು ಒಡೆದು ಬಂದ ಕಳ್ಳರಲ್ಲ ಇವರು. ಯಾರು ಯಾರೆಂದು ಗುರುತಿಸುವ ಚೀಟಿಗೆ ಮೈಕ್ರೋಸಾಫ್ಟ್ ಹಾಕುವ ಮೊಹರು, ಅಂದರೆ 2016ರಲ್ಲಿ ಸಿದ್ಧವಾದ ಒಂದು ರಹಸ್ಯ ಕೀಲಿ, ಅವರ ಕೈಸೇರಿತ್ತು. ಅದರಿಂದ ಅವರು ನಕಲಿ ಗುರುತಿನ ಚೀಟಿಗಳನ್ನು ಮುದ್ರಿಸಿಕೊಂಡು, ಅಸಲಿ ಅಧಿಕಾರಿಗಳಂತೆ ಮುಂಬಾಗಿಲಿನಿಂದಲೇ ಒಳಬಂದರು. ಗುಪ್ತಪದ ಎಷ್ಟು ಉದ್ದವಿದ್ದರೇನು? ಕಾವಲುಗಾರನಿಗೆ ಚೀಟಿಯಲ್ಲಿ ಮೊಹರು ಕಂಡರೆ ಸಾಕು, ಸಲಾಮು ಹೊಡೆದು ಬಿಡುತ್ತಾನೆ.

ಹಾಗಾದರೆ ಸಿಕ್ಕಿಬಿದ್ದದ್ದು ಹೇಗೆ? ಉತ್ತರ ಬಹಳ ಸರಳ. ಪ್ರತಿಯೊಂದು ಪತ್ರವನ್ನು ಯಾರು, ಯಾವ ಹೊತ್ತಿನಲ್ಲಿ, ಯಾವ ತಂತ್ರಾಂಶದ ಮೂಲಕ ತೆರೆದರು ಎಂಬ ಲೆಕ್ಕ ಬರೆದಿಡುವ ಒಂದು ದಾಖಲೆ ಆ ಇಲಾಖೆಯ ಬಳಿ ಇತ್ತು. ಕಂಪ್ಯೂಟರಿನವರು ಇದನ್ನು 'ಲಾಗ್' ಎನ್ನುತ್ತಾರೆ. ಲಾಡ್ಜಿನ ಗಲ್ಲಾದ ಮೇಲಿರುವ ರಿಜಿಸ್ಟರ್ ಇದ್ದ ಹಾಗೆ. ಇಲಾಖೆಯ ಭದ್ರತಾ ಸಿಬ್ಬಂದಿ ಆ ರಿಜಿಸ್ಟರನ್ನು ಸದಾ ಜಾಲಾಡುವ ಒಂದು ನಿಯಮವನ್ನು ತಾವೇ ಬರೆದುಕೊಂಡಿದ್ದರು. ಅದಕ್ಕೆ ಅವರಿಟ್ಟಿದ್ದ ಹೆಸರು 'ಬಿಗ್ ಯೆಲ್ಲೋ ಟ್ಯಾಕ್ಸಿ', ದೊಡ್ಡ ಹಳದಿ ಟ್ಯಾಕ್ಸಿ! ಎಂದೂ ಕಾಣದ ರೀತಿಯಲ್ಲಿ ಯಾರೋ ಪತ್ರ ತೆರೆಯುತ್ತಿದ್ದಾರೆಂದು 2023ರ ಜೂನ್ 15ರಂದು ಈ ಟ್ಯಾಕ್ಸಿ ಹಾರನ್ ಹೊಡೆಯಿತು. ಹಿಂದೆ ಅದು ಸುಮ್ಮಸುಮ್ಮನೆ ಹಾರನ್ ಹೊಡೆದದ್ದೂ ಉಂಟು. ಆದರೂ ಸಿಬ್ಬಂದಿ ಉದಾಸೀನ ಮಾಡದೆ ಹಿಂದೆ ಬಿದ್ದು ವಿಚಾರಿಸಿದರು, ಮರುದಿನ ಮೈಕ್ರೋಸಾಫ್ಟಿಗೆ ತಿಳಿಸಿದರು. ಅಷ್ಟರೊಳಗೆ ಈ ಒಂದೇ ಇಲಾಖೆಯಿಂದ ಸುಮಾರು 60,000 ಪತ್ರಗಳು ಹೋಗಿದ್ದವು. ಒಟ್ಟು 22 ಸಂಸ್ಥೆಗಳ 500ಕ್ಕೂ ಹೆಚ್ಚು ಜನರ ಅಂಚೆಪೆಟ್ಟಿಗೆಗಳು ತೆರೆದಿದ್ದವೆಂದು ಆಮೇಲೆ ಗೊತ್ತಾಯಿತು.

ಇಲ್ಲಿಂದ ನಾಲ್ಕು ನಿಲ್ದಾಣ ಹಿಂದೆ, ಇದೇ ರೈಲು ದಾರಿಯಲ್ಲಿ, ಫೆಡರಲ್ ಟ್ರೈಯಾಂಗಲ್ ಎಂಬಲ್ಲಿ ವಾಣಿಜ್ಯ ಇಲಾಖೆಯ ಕಟ್ಟಡವಿದೆ. ಆಗಿನ ವಾಣಿಜ್ಯ ಕಾರ್ಯದರ್ಶಿ ಜೀನಾ ರೈಮೊಂಡೊ ಅವರ ಅಂಚೆಪೆಟ್ಟಿಗೆಯನ್ನೂ ಅದೇ ಗುಂಪು ತೆರೆದಿತ್ತು. ಆ ಇಲಾಖೆಗೆ ವಿಷಯ ತಿಳಿದದ್ದು ಮೈಕ್ರೋಸಾಫ್ಟ್ ಬಂದು ಹೇಳಿದ ಮೇಲೆ. ಒಂದೇ ಸರ್ಕಾರ, ಒಂದೇ ರೈಲುದಾರಿ, ಒಂದೇ ಕಳ್ಳ; ಒಂದು ಕಟ್ಟಡ ತಾನೇ ಕಂಡಿತು, ಇನ್ನೊಂದಕ್ಕೆ ಬೇರೆಯವರು ತಿಳಿಸಬೇಕಾಯಿತು.

ಕಂಡವರಿಗೆ ಕಂಡದ್ದಾದರೂ ಏಕೆ ಎಂಬಲ್ಲಿ ಕಥೆಯ ಮುಖ್ಯ ತಿರುವಿದೆ. ಪತ್ರ ತೆರೆದವರ ಆ ವಿವರವಾದ ರಿಜಿಸ್ಟರ್ ಆಗ ಎಲ್ಲ ಗಿರಾಕಿಗಳಿಗೂ ಸಿಗುತ್ತಿರಲಿಲ್ಲ. ಮೇಲ್ದರ್ಜೆಯ ಪರವಾನಗಿಗೆ ಹೆಚ್ಚು ಹಣ ತೆತ್ತವರಿಗೆ ಮಾತ್ರ ಸಿಗುತ್ತಿತ್ತು. ವಿದೇಶಾಂಗ ಇಲಾಖೆ ಆ ಹಣ ಕೊಟ್ಟಿತ್ತು. ಬಾಡಿಗೆ ಮನೆಯಲ್ಲಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಮನೆ ನಿಮಗೆ ಕೊಟ್ಟಿದ್ದಾರೆ, ಬೀಗದ ಕೈಯನ್ನೂ ಕೊಟ್ಟಿದ್ದಾರೆ. ಆದರೆ ಕರೆಂಟ್ ಮೀಟರ್ ಮಾಲೀಕರ ಕೋಣೆಯಲ್ಲಿದೆ, ಅದನ್ನು ನೋಡಬೇಕಾದರೆ ಪ್ರತ್ಯೇಕ ಹಣ ಕೊಡಬೇಕು ಎಂದರೆ ಹೇಗೆ? ತನ್ನ ಮನೆಗೆ ಯಾರು ಬಂದುಹೋದರೆಂದು ತಿಳಿಯುವುದು ಬಾಡಿಗೆದಾರನ ಹಕ್ಕೋ, ಹಣವಿದ್ದವರ ಸೌಲಭ್ಯವೋ ಎಂಬ ಪ್ರಶ್ನೆ ಆ ಬೇಸಿಗೆಯಲ್ಲಿ ವಾಷಿಂಗ್ಟನ್ನಿನ ತುಂಬ ಕೇಳಿಬಂತು. 2023ರ ಜುಲೈನಲ್ಲಿ ಮೈಕ್ರೋಸಾಫ್ಟ್ ಮಣಿಯಿತು. ಅಂಥ ಅನೇಕ ದಾಖಲೆಗಳನ್ನು ಹೆಚ್ಚಿನ ಹಣವಿಲ್ಲದೆ ಕೊಡುವುದಾಗಿಯೂ, ಸಾಮಾನ್ಯ ಗಿರಾಕಿಗಳ ದಾಖಲೆಯನ್ನು 90 ದಿನಗಳ ಬದಲು 180 ದಿನ ಇಟ್ಟುಕೊಳ್ಳುವುದಾಗಿಯೂ ಪ್ರಕಟಿಸಿತು.

ಈ ಪ್ರಕರಣವನ್ನು ಸರ್ಕಾರವೇ ನೇಮಿಸಿದ್ದ ಸೈಬರ್ ಸುರಕ್ಷತಾ ಪರಿಶೀಲನಾ ಮಂಡಳಿ ತನಿಖೆ ಮಾಡಿ 2024ರ ಏಪ್ರಿಲ್‌ನಲ್ಲಿ ವರದಿ ಹೊರಡಿಸಿತು. ಈ ಕಳವು ತಡೆಯಬಹುದಾಗಿದ್ದದ್ದು, ನಡೆಯಲೇಬಾರದಿತ್ತು ಎಂದು ಅದು ನಿಷ್ಠುರವಾಗಿ ಹೇಳಿತು. ರೈಲು ಅಪಘಾತವಾದಾಗ, ವಿಮಾನ ಬಿದ್ದಾಗ ತನಿಖೆ ನಡೆಯುವ ಹಾಗೆ ಕಂಪ್ಯೂಟರ್ ಅಪಘಾತಗಳಿಗೂ ಒಂದು ಮಂಡಳಿ ಇರಲೆಂದು ಅದನ್ನು ಕಟ್ಟಲಾಗಿತ್ತು. 2025ರ ಜನವರಿಯಲ್ಲಿ ಅದರ ಸದಸ್ಯರನ್ನೆಲ್ಲ ಕೈಬಿಡಲಾಯಿತು.

ಬ್ಯಾಂಕಿನ ಗೋಪುರದ ನೆರಳಿನಲ್ಲಿ

ಫಾಗಿ ಬಾಟಮ್ ಬಿಟ್ಟ ರೈಲು ನದಿಯಡಿ ದಾಟಿ ವರ್ಜೀನಿಯಾ ರಾಜ್ಯಕ್ಕೆ ಕಾಲಿಡುತ್ತದೆ. ಸ್ವಲ್ಪ ದೂರ ಸುರಂಗ, ಆಮೇಲೆ ಹೆದ್ದಾರಿಯ ನಡುವಿನ ಪಟ್ಟಿ, ಕಡೆಗೆ ಎತ್ತರದ ಕಂಬಗಳ ಮೇಲಿನ ಓಟ. ಏಳನೆಯ ನಿಲ್ದಾಣ ಮೆಕ್ಲೀನ್. ಇಲ್ಲಿಂದ ಟೈಸನ್ಸ್ ಎಂಬ ಪ್ರದೇಶ ಆರಂಭ. ಒಂದು ಕಾಲಕ್ಕೆ ಎರಡು ರಸ್ತೆ ಕೂಡುವ ಹಳ್ಳಿಗಾಡಿನ ಮೂಲೆಯಾಗಿದ್ದ ಜಾಗ ಇದು. 1968ರಲ್ಲಿ ದೊಡ್ಡ ಅಂಗಡಿ ಸಂಕೀರ್ಣ ಬಂತು, ಆಮೇಲೆ ಕಚೇರಿಗಳು ಬಂದವು. 1992ರಲ್ಲಿ ಆರಂಭವಾದ 'ಮೇ ಈಸ್ಟ್' ಎಂಬ ಅಂತರಜಾಲ ಕೂಡುರಸ್ತೆಯೂ ಇಲ್ಲಿಯೇ, ಕಾರು ನಿಲ್ಲಿಸುವ ಒಂದು ಕಟ್ಟಡದ ಗೋಡೆಗಳ ನಡುವಿನ ಕೋಣೆಯಲ್ಲಿ ನೆಲೆಸಿತ್ತು. ಬೇರೆ ಬೇರೆ ಕಂಪೆನಿಗಳ ತಂತಿಗಳು ಅಲ್ಲಿ ಸೇರಿ ಮಾಹಿತಿ ಬದಲಾಯಿಸಿಕೊಳ್ಳುತ್ತಿದ್ದವು. 1990ರ ದಶಕದ ನಡುಭಾಗದಲ್ಲಿ ಜಗತ್ತಿನ ಅಂತರಜಾಲ ಸಂಚಾರದ ಬಹುದೊಡ್ಡ ಪಾಲು ಈ ಕಾರು ಕೋಣೆಯನ್ನು ಹಾದುಹೋಗುತ್ತಿತ್ತು ಎಂದರೆ ನಂಬುವುದು ಕಷ್ಟ!

ಮೆಕ್ಲೀನ್ ನಿಲ್ದಾಣದ ಪಕ್ಕದಲ್ಲೇ ಗಾಜಿನ ಗೋಪುರವೊಂದು ಎದ್ದು ನಿಂತಿದೆ. ಎತ್ತರ 470 ಅಡಿ. ಇದು ಕ್ಯಾಪಿಟಲ್ ಒನ್ ಬ್ಯಾಂಕಿನ ಮುಖ್ಯ ಕಚೇರಿ. ತನ್ನ ಸ್ವಂತ ಕಂಪ್ಯೂಟರ್ ಕೇಂದ್ರಗಳನ್ನೆಲ್ಲ ಮುಚ್ಚಿ ಸಂಪೂರ್ಣವಾಗಿ ಅಮೆಜಾನ್ ಕಂಪೆನಿಯ ಮೋಡಕ್ಕೆ ಮನೆ ಬದಲಾಯಿಸಿದ ಮೊದಲ ದೊಡ್ಡ ಅಮೆರಿಕನ್ ಬ್ಯಾಂಕೆಂಬ ಹೆಗ್ಗಳಿಕೆ ಇದಕ್ಕಿದೆ. ಆ ಕೆಲಸ 2020ರಲ್ಲಿ ಮುಗಿಯಿತು. ಅದಕ್ಕೆ ಒಂದು ವರ್ಷ ಮೊದಲು, ಸಾಮಾನು ಸಾಗಿಸುತ್ತಿರುವಾಗಲೇ, ಕಳವಾಯಿತು.

ಕಳವಿನ ರೀತಿ ನ್ಯಾಯಾಲಯದ ಕಡತಗಳಲ್ಲಿ ದಾಖಲಾಗಿದೆ. ಹೊರಗಿನಿಂದ ಬರುವ ಕೋರಿಕೆಗಳನ್ನು ಸೋಸಿ ಒಳಬಿಡಲು ಬ್ಯಾಂಕು ಒಂದು ಕಾವಲು ತಂತ್ರಾಂಶ ಇಟ್ಟಿತ್ತು. ಅದರ ಜೋಡಣೆಯಲ್ಲಿ ಒಂದು ತಪ್ಪಿತ್ತು. ಸಿಯಾಟಲ್ ನಗರದಲ್ಲಿದ್ದ, ಹಿಂದೆ ಅಮೆಜಾನ್‌ನಲ್ಲೇ ಕೆಲಸ ಮಾಡಿದ್ದ ವ್ಯಕ್ತಿಯೊಬ್ಬರು ಆ ತಪ್ಪನ್ನು ಪತ್ತೆಹಚ್ಚಿ, ಕಾವಲುಗಾರನಿಂದಲೇ ಕಾವಲುಗಾರನ ಬೀಗದ ಕೈಗಳನ್ನು ಹೊರಗೆ ತರಿಸಿಕೊಂಡರು. ಆ ಕೈಗಳಿಂದ 700ಕ್ಕೂ ಹೆಚ್ಚು ಕಡತ ಪೆಟ್ಟಿಗೆಗಳ ಪಟ್ಟಿ ಸಿಕ್ಕಿತು, ಪೆಟ್ಟಿಗೆಗಳೂ ತೆರೆದುಕೊಂಡವು. ಗೇಟು ಕಾಯುವವನ ಬಳಿ ತಿಜೋರಿಯ ಬೀಗದ ಕೈ ಏಕಿತ್ತು ಎಂದು ಯಾರಾದರೂ ಕೇಳಬೇಕಾಗಿತ್ತು. ಕೇಳಿರಲಿಲ್ಲ. ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದ್ದ ಅಮೆರಿಕದ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರ ವಿವರಗಳು ಹೋದವು.

ಇದು ನಡೆದದ್ದು 2019ರ ಮಾರ್ಚ್ 22 ಮತ್ತು 23ರಂದು. ಬ್ಯಾಂಕಿಗೆ ಸುಳಿವು ಸಿಕ್ಕಿದ್ದು ಜುಲೈ 17ರಂದು, ಅದೂ ಹೊರಗಿನ ಅಪರಿಚಿತರೊಬ್ಬರ ಇ-ಮೇಲ್‌ನಿಂದ. ನಿಮ್ಮದೆಂದು ತೋರುವ ಕಡತವೊಂದು ಸಾರ್ವಜನಿಕ ತಾಣದಲ್ಲಿ ಬಿದ್ದಿದೆ, ನೋಡಿ ಎಂಬರ್ಥದ ಸಂದೇಶ ಅದು. ನಡುವೆ ಕಳೆದದ್ದು 117 ದಿನ. ಸುಳಿವು ಸಿಕ್ಕ ಮೇಲೆ? ಬ್ಯಾಂಕಿನವರು ತಮ್ಮ ಲಾಗ್‌ಗಳನ್ನು ತೆರೆದರು. ಗುರುತು ಮರೆಸಿ ಸಂಚರಿಸಲು ಬಳಸುವ 'ಟಾರ್' ಜಾಲದ ವಿಳಾಸಗಳಿಂದ ಯಾರೋ ಬಂದಿದ್ದು, ಕಾವಲುಗಾರನ ಕೈಗಳನ್ನು ಬಳಸಿದ್ದು, ಪೆಟ್ಟಿಗೆಗಳ ಪಟ್ಟಿ ಕೇಳಿದ್ದು, ಎಲ್ಲವೂ ದಿನಾಂಕ ಸಮೇತ ಅಲ್ಲಿತ್ತು. ಎರಡೇ ದಿನದಲ್ಲಿ ಕಳವು ಖಚಿತವಾಯಿತು; ಜುಲೈ 29ರಂದು ಬಂಧನವೂ ಆಯಿತು. 2022ರಲ್ಲಿ ಸಿಯಾಟಲ್ ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಯಿತು.

ಅಂದರೆ ರಿಜಿಸ್ಟರ್ ಇತ್ತು, ಅದರಲ್ಲಿ ಕಳ್ಳನ ಹೆಜ್ಜೆಗುರುತೂ ಇತ್ತು. ನಾಲ್ಕು ತಿಂಗಳ ಕಾಲ ಆ ಹಾಳೆಯನ್ನು ಅನುಮಾನದಿಂದ ನೋಡುವ ಕಣ್ಣು ಮಾತ್ರ ಇರಲಿಲ್ಲ. ಫಾಗಿ ಬಾಟಮ್‌ಗೂ ಮೆಕ್ಲೀನ್‌ಗೂ ಇರುವ ವ್ಯತ್ಯಾಸ ಇಷ್ಟೇ. ಅಲ್ಲಿ ಹಳದಿ ಟ್ಯಾಕ್ಸಿ ಹಾರನ್ ಹೊಡೆಯಿತು, ಕೇಳಿಸಿಕೊಂಡವರು ಎದ್ದು ಹೋಗಿ ನೋಡಿದರು. ಇಲ್ಲಿ ಹಾರನ್ನೇ ಆಗಲಿಲ್ಲ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಉಳಿದದ್ದೆಲ್ಲ ಆಮೇಲೆ ನಡೆಯಿತು. 2019ರ ನವೆಂಬರ್‌ನಲ್ಲಿ ಅಮೆಜಾನ್, ಬೀಗದ ಕೈ ಕೊಡುವ ಕಿಟಕಿಗೆ ಇನ್ನೊಂದು ಚಿಲಕ ಸೇರಿಸಿತು. 2020ರ ಆಗಸ್ಟ್‌ನಲ್ಲಿ ಸರ್ಕಾರದ ಬ್ಯಾಂಕ್ ನಿಯಂತ್ರಣ ಕಚೇರಿ ಕ್ಯಾಪಿಟಲ್ ಒನ್‌ಗೆ 8 ಕೋಟಿ ಡಾಲರ್ ದಂಡ ಹಾಕಿತು. ಮೋಡಕ್ಕೆ ಸಾಮಾನು ಸಾಗಿಸುವ ಮುನ್ನ ಅಪಾಯದ ಅಂದಾಜು ಸರಿಯಾಗಿ ಮಾಡಿರಲಿಲ್ಲ, ಕಂಡ ಕೊರತೆಗಳನ್ನು ಸಕಾಲದಲ್ಲಿ ತಿದ್ದಲಿಲ್ಲ ಎಂಬುದು ಅದರ ಆಕ್ಷೇಪವಾಗಿತ್ತು.

ಎರಡನೆಯ ಫೋನ್ ಯಾರದು?

ಟೈಸನ್ಸ್‌ನ ನಾಲ್ಕು ನಿಲ್ದಾಣಗಳು ಮುಗಿದ ಮೇಲೆ ರೈಲು ಮತ್ತೆ ಹೆದ್ದಾರಿಯ ನಡುವೆ ಇಳಿಯುತ್ತದೆ. ಎರಡೂ ಬದಿ ಕಾರುಗಳ ಹೊಳೆ. ಮುಂದೆ ರೆಸ್ಟನ್. 1964ರಲ್ಲಿ ರಾಬರ್ಟ್ ಇ. ಸೈಮನ್ ಎಂಬವರು ಯೋಜನೆ ಹಾಕಿ ಕಟ್ಟಿಸಿದ ಊರು. ಅವರ ಹೆಸರಿನ ಮೂರು ಮೊದಲಕ್ಷರಗಳೇ ಊರಿನ ಹೆಸರಿನ ಮೊದಲ ಭಾಗ. ಮನೆಯಿಂದ ಅಂಗಡಿಗೆ, ಶಾಲೆಗೆ, ಕೆರೆಗೆ ನಡೆದೇ ಹೋಗುವಂತಿರಬೇಕು ಎಂಬುದು ಅವರ ಕನಸು. ಆನ್ ಹೆಸರಿನ ಕೃತಕ ಕೆರೆಯ ದಂಡೆಯಲ್ಲಿ ಬೆಂಚಿನ ಮೇಲೆ ಕುಳಿತ ಅವರ ಕಂಚಿನ ಪ್ರತಿಮೆಯಿದೆ. ಪಕ್ಕದಲ್ಲಿ ಖಾಲಿ ಜಾಗವೂ ಇರುವುದರಿಂದ ದಣಿದವರು ಕುಳಿತು ವಿಶ್ರಮಿಸಬಹುದು.

ಈ ಶಾಂತ ಊರಿನ ಪೇಟೆಯ ಕಟ್ಟಡವೊಂದರಲ್ಲಿ ಮ್ಯಾಂಡಿಯಂಟ್ ಎಂಬ ಸಂಸ್ಥೆಯ ಕಚೇರಿಯಿದೆ. ಕಳವಾದ ಮನೆಗೆ ಬಂದು ಹೆಜ್ಜೆಗುರುತು ಹುಡುಕುವ ಪತ್ತೇದಾರಿ ಸಂಸ್ಥೆ ಇದು. 2022ರಲ್ಲಿ ಗೂಗಲ್ 540 ಕೋಟಿ ಡಾಲರ್ ತೆತ್ತು ಇದನ್ನು ಕೊಂಡಿತು. 2020ರಲ್ಲಿ ಇದು ಕ್ಯಾಲಿಫೋರ್ನಿಯಾದ ಫೈರ್‌ಐ ಕಂಪೆನಿಯ ಭಾಗವಾಗಿತ್ತು, ಕೆವಿನ್ ಮ್ಯಾಂಡಿಯಾ ಅದರ ಮುಖ್ಯಸ್ಥರು. ಆ ವರ್ಷದ ಕೊನೆಯಲ್ಲಿ ಪತ್ತೇದಾರರ ಮನೆಗೇ ಕನ್ನ ಬಿತ್ತು.

ಸಿಕ್ಕಿದ ಸುಳಿವು ಸಣ್ಣದು. ಕಂಪೆನಿಯ ಜಾಲಕ್ಕೆ ದೂರದಿಂದ ಪ್ರವೇಶಿಸಲು ಪ್ರತಿ ನೌಕರನೂ ಗುಪ್ತಪದದ ಜೊತೆಗೆ ತನ್ನ ಫೋನನ್ನೂ ನೋಂದಾಯಿಸಬೇಕಿತ್ತು. ಒಬ್ಬ ನೌಕರನ ಹೆಸರಿನಲ್ಲಿ ಎರಡನೆಯ ಫೋನ್ ನೋಂದಣಿಯಾಗಿದ್ದು ಭದ್ರತಾ ಸಿಬ್ಬಂದಿಯ ಗಮನಕ್ಕೆ ಬಂತು. ಹೊಸ ಫೋನ್ ಕೊಂಡಿರಬಹುದು, ಬಿಡು ಎಂದು ಸುಮ್ಮನಾಗಬಹುದಿತ್ತು. ಹಾಗೆ ಮಾಡದೆ ಆ ನೌಕರನನ್ನೇ ಕರೆದು ಕೇಳಿದರು. ತನ್ನದಲ್ಲ ಎಂದ. ಆ ಒಂದು ಎಳೆ ಹಿಡಿದು ಎಳೆದಾಗ ಬಿಚ್ಚಿಕೊಂಡದ್ದು ಟೆಕ್ಸಾಸ್‌ನ ಸೋಲಾರ್‌ವಿಂಡ್ಸ್ ಕಂಪೆನಿಯ ತಂತ್ರಾಂಶದಲ್ಲಿ ಯಾರೋ ಬೆರೆಸಿದ್ದ ವಿಷ. ಜಾಲಗಳ ಮೇಲೆ ನಿಗಾ ಇಡಲೆಂದೇ ಕೊಳ್ಳುವ ತಂತ್ರಾಂಶ ಅದು! 2020ರ ಮಾರ್ಚ್‌ನಿಂದ ಸುಮಾರು 18,000 ಗಿರಾಕಿಗಳು ಆ ವಿಷಬೆರೆತ ಕಂತನ್ನು ಇಳಿಸಿಕೊಂಡಿದ್ದರು. ಡಿಸೆಂಬರ್ 13ರಂದು ಇದು ಜಗತ್ತಿಗೆ ತಿಳಿಯಿತು. ರಷ್ಯದ ವಿದೇಶಿ ಗುಪ್ತಚರ ಸಂಸ್ಥೆಯ ಕೈವಾಡವೆಂದು 2021ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರ ಆರೋಪಿಸಿತು. ಅಲ್ಲಿಯೂ ಕಳ್ಳರು ಕಚೇರಿಯ ಕಂಪ್ಯೂಟರಿನಿಂದ ಮೋಡಕ್ಕೆ ಏರಿದ್ದು ನಕಲಿ ಗುರುತಿನ ಚೀಟಿಗಳ ಏಣಿಯಿಂದಲೇ.

ಕಳ್ಳ ಒಳಬಂದ ದಿನದಿಂದ ಕಣ್ಣಿಗೆ ಬೀಳುವ ದಿನದವರೆಗೆ ಎಷ್ಟು ಕಾಲ ಕಳೆಯುತ್ತದೆ? ರೆಸ್ಟನ್ನಿನ ಈ ಪತ್ತೇದಾರರು ತಮ್ಮ ಕೈಗೆ ಬಂದ ಪ್ರಕರಣಗಳಿಂದ ಪ್ರತಿವರ್ಷ ಲೆಕ್ಕ ಹಾಕುತ್ತಾರೆ. 2011ರಲ್ಲಿ ನಟ್ಟನಡುವಿನ ಅಂಕಿ 416 ದಿನ. 2024ರಲ್ಲಿ 11 ದಿನ. ಒಂದು ವರ್ಷಕ್ಕೂ ಮೀರಿ ಅಟ್ಟದಲ್ಲಿ ಅಡಗಿರುತ್ತಿದ್ದ ಕಳ್ಳ ಈಗ ಎರಡು ವಾರದೊಳಗೆ ಕಣ್ಣಿಗೆ ಬೀಳುತ್ತಿದ್ದಾನೆ. ದೊಡ್ಡ ಸುಧಾರಣೆಯೇ ಸರಿ. ಆದರೆ ವಿಜ್ಞಾನದ ಕಣ್ಣಿನಿಂದ ನೋಡುವವರು ಸ್ವಲ್ಪ ತಡೆದು ಯೋಚಿಸಬೇಕು. ಬೀಗ ಜಡಿದು ಹಣ ಕೇಳುವ ಸುಲಿಗೆಕೋರರು ತಾವಾಗಿಯೇ ಚೀಟಿ ಅಂಟಿಸಿ ಹೋಗುತ್ತಾರೆ. ಅಂಥ ಪ್ರಕರಣಗಳು ಹೆಚ್ಚಿದಂತೆ ಸರಾಸರಿ ತಾನಾಗಿ ಇಳಿಯುತ್ತದೆ. ಇನ್ನೊಂದು ಅಂಕಿ ಹೆಚ್ಚು ಪ್ರಾಮಾಣಿಕ. 2011ರಲ್ಲಿ ನೂರಕ್ಕೆ 94 ಪ್ರಕರಣಗಳಲ್ಲಿ ಕಳವಾದವರಿಗೆ ವಿಷಯ ತಿಳಿದದ್ದು ಹೊರಗಿನವರಿಂದ. 2024ರಲ್ಲೂ ಅದು ನೂರಕ್ಕೆ 57. ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಆ ವರ್ಷವೂ ಕಳವಾದ ಸುದ್ದಿ ಹೊರಗಿನವರಿಂದಲೇ ಬಂದಿತ್ತು.

ಮೋಡ ನೆಲಕ್ಕಿಳಿದ ಊರು

ರೆಸ್ಟನ್ ದಾಟಿದ ರೈಲು ಡಲ್ಲಸ್ ವಿಮಾನ ನಿಲ್ದಾಣ ಮುಟ್ಟುತ್ತದೆ. 1962ರಲ್ಲಿ ತೆರೆದ, ಈರೊ ಸಾರಿನೆನ್ ವಿನ್ಯಾಸ ಮಾಡಿದ, ಹಾರಲು ಹೊರಟ ಹಕ್ಕಿಯ ರೆಕ್ಕೆಯಂಥ ಛಾವಣಿ ಇದರದು. ಬೆಂಗಳೂರಿನಿಂದ ಹೊರಟ ಎಷ್ಟೋ ಸಾಫ್ಟ್‌ವೇರ್ ಕುಟುಂಬಗಳು ಅಮೆರಿಕದ ನೆಲಕ್ಕೆ ಮೊದಲು ಕಾಲಿಡುವುದು ಇಲ್ಲಿಯೇ. ಸುತ್ತಲ ಊರುಗಳಲ್ಲಿ ಭಾರತೀಯರ ಸಂಖ್ಯೆ ದೊಡ್ಡದು. ವಾಷಿಂಗ್ಟನ್ ಪ್ರದೇಶದ ಕನ್ನಡಿಗರಿಗೆ 'ಕಾವೇರಿ' ಎಂಬ ಸಂಘವೂ ಇದೆ.

ಇನ್ನೆರಡು ನಿಲ್ದಾಣ ಕಳೆದರೆ ಆಶ್‌ಬರ್ನ್. ಲೌಡನ್ ಕೌಂಟಿಗೆ ಸೇರಿದ ಈ ಊರು ಹಿಂದೆ ಹಾಲು, ಜೋಳ, ಹುಲ್ಲಿನ ನಾಡು. ಊರಿನ ನಡುವೆ ಓಡುತ್ತಿದ್ದ ಹಳೆಯ ರೈಲು 1968ರಲ್ಲಿ ನಿಂತಿತು. ಅದರ ಹಳಿ ಕಿತ್ತ ಜಾಗ ಈಗ ನಡೆಯುವವರ, ಸೈಕಲ್ ತುಳಿಯುವವರ ಹಾದಿ. 1990ರ ದಶಕದ ಕೊನೆಗೆ ಟೈಸನ್ಸ್‌ನ ಕಾರು ಕೋಣೆ ಸಾಲದಾದಾಗ ಅಂತರಜಾಲದ ಕೂಡುರಸ್ತೆ ಇಲ್ಲಿಗೆ ಸರಿಯಿತು. ಅಗ್ಗದ ಜಮೀನು, ಹತ್ತಿರದಲ್ಲೇ ಹಾದುಹೋಗುವ ಬೆಳಕಿನ ತಂತಿಗಳು, ಸಾಕಷ್ಟು ವಿದ್ಯುತ್ತು, ಇನ್ನೇನು ಬೇಕು? 2006ರಲ್ಲಿ ಅಮೆಜಾನ್ ತನ್ನ ಮೋಡವನ್ನು ಬಾಡಿಗೆಗೆ ಬಿಡಲು ಆರಂಭಿಸಿದ್ದೂ ಈ ಉತ್ತರ ವರ್ಜೀನಿಯಾದಿಂದಲೇ. ಇಂದು ಲೌಡನ್ ಕೌಂಟಿಯೊಂದರಲ್ಲೇ ಸುಮಾರು 200 ದತ್ತಾಂಶ ಕೇಂದ್ರಗಳಿವೆ.

ಹಳೆಯ ರೈಲಿನ ಹಾದಿಯಲ್ಲಿ ನಡೆದರೆ ಅವು ಕಾಣಿಸುತ್ತವೆ. ಕಾಣಿಸುವುದಾದರೂ ಏನು? ಕಿಟಕಿಯಿಲ್ಲದ ಬೂದು ಗೋಡೆ, ಕಬ್ಬಿಣದ ಬೇಲಿ, ಕ್ಯಾಮೆರಾಗಳ ಸಾಲು. ಬಹುಪಾಲು ಕಟ್ಟಡಗಳಿಗೆ ನಾಮಫಲಕವೂ ಇಲ್ಲ. ಗೋಡೆಯ ಪಕ್ಕ ಸಾಲಾಗಿ ನಿಂತ ಡೀಸೆಲ್ ಜನರೇಟರುಗಳು, ಒಳಗಿನ ಬಿಸಿಯನ್ನು ಹೊರದಬ್ಬುವ ಯಂತ್ರಗಳ ಎಡೆಬಿಡದ ಗುಂಯ್‌ಗುಟ್ಟುವಿಕೆ. ನೆತ್ತಿಯ ಮೇಲೆ ದಪ್ಪ ವಿದ್ಯುತ್ ತಂತಿಗಳು. ಈ ಪ್ರದೇಶದ ಹಸಿವು ಎಷ್ಟೆಂದು 2024ರ ಜುಲೈ 10ರಂದು ಗೊತ್ತಾಯಿತು. ಒಂದು ತಂತಿಯಲ್ಲಿ ದೋಷ ಕಾಣಿಸಿಕೊಂಡಾಗ ಉತ್ತರ ವರ್ಜೀನಿಯಾದ ಸುಮಾರು 60 ಕೇಂದ್ರಗಳು ಒಟ್ಟಿಗೆ ಜಾಲದಿಂದ ಕಳಚಿಕೊಂಡು ತಮ್ಮ ಸ್ವಂತ ವಿದ್ಯುತ್ತಿಗೆ ಬದಲಾದವು. ಒಮ್ಮೆಲೇ ಕಡಿಮೆಯಾದ ಬೇಡಿಕೆ ಸುಮಾರು 1,500 ಮೆಗಾವಾಟ್. ನಮ್ಮ ಶರಾವತಿ ವಿದ್ಯುದಾಗಾರದ ಪೂರ್ಣ ಸಾಮರ್ಥ್ಯ 1,035 ಮೆಗಾವಾಟ್ ಎಂಬುದನ್ನು ನೆನೆದರೆ ಅಂದಾಜು ಸಿಗುತ್ತದೆ. ಮೋಡದ ತೂಕ ಇಷ್ಟು!

ಬೇಲಿ, ಕ್ಯಾಮೆರಾ, ಕಾವಲುಗಾರ ಎಲ್ಲವೂ ಇರುವ ಈ ಕಟ್ಟಡಗಳಿಗೆ ಗೋಡೆ ಹಾರಿ ಬರುವ ಕಳ್ಳನ ಭಯವಿಲ್ಲ. ಆದರೆ ಮೇಲೆ ಹೇಳಿದ ಮೂರು ಕಳವುಗಳಲ್ಲಿ ಯಾವ ಕಳ್ಳನೂ ಯಾವ ಗೋಡೆಯನ್ನೂ ಹಾರಲಿಲ್ಲ. ಮೋಡದ ವ್ಯಾಪಾರದಲ್ಲಿ ಒಂದು ಒಪ್ಪಂದವಿದೆ. ಕಟ್ಟಡ, ಯಂತ್ರ, ತಂತಿಗಳ ಕಾವಲು ಮಾಲೀಕನದು. ಬಾಡಿಗೆ ಕೋಣೆಯೊಳಗೆ ಏನಿದೆ, ಯಾರಿಗೆ ಬೀಗದ ಕೈ ಕೊಟ್ಟಿದೆ ಎಂಬ ಹೊಣೆ ಬಾಡಿಗೆದಾರನದು. ಆಶ್‌ಬರ್ನ್‌ನ ಬೀದಿಯಿಂದ ಕಾಣುವುದೆಲ್ಲ ಮಾಲೀಕನ ಪಾಲಿನ ಕಾವಲು. ಬಾಡಿಗೆದಾರನ ಪಾಲಿನದು ಕಣ್ಣಿಗೆ ಕಾಣುವಂಥದಲ್ಲ, ಅದು ಲಾಗ್ ಪುಸ್ತಕದಲ್ಲಿರಬೇಕು.

ಆ ಪುಸ್ತಕದ ಸ್ಥಿತಿ ಹೇಗಿದೆ? ಅಮೆಜಾನ್‌ನ ಮೋಡದಲ್ಲಿ 2013ರಿಂದ ಅಂಥ ದಾಖಲೆಯ ಸೌಲಭ್ಯವಿದೆ. ಯಾರು ಹೊಸ ಯಂತ್ರ ತೆರೆದರು, ಯಾರಿಗೆ ಅಧಿಕಾರ ಕೊಟ್ಟರು ಎಂಬಂಥ ಆಡಳಿತದ ಕೆಲಸಗಳು ತಾವಾಗಿಯೇ ದಾಖಲಾಗಿ 90 ದಿನ ನೋಡಲು ಸಿಗುತ್ತವೆ. ಅದಕ್ಕಿಂತ ಹೆಚ್ಚು ಕಾಲ ಬೇಕೆಂದರೆ ಗಿರಾಕಿಯೇ ಬೇರೆ ಕಡೆ ತೆಗೆದಿಡಬೇಕು. ಪೆಟ್ಟಿಗೆಯೊಳಗಿನ ಒಂದೊಂದು ಕಡತವನ್ನು ಯಾರು ಓದಿದರೆಂಬ ದಾಖಲೆ ಗಿರಾಕಿ ಕೇಳಿ, ಹಣ ಕೊಟ್ಟರೆ ಮಾತ್ರ. ಕ್ಯಾಪಿಟಲ್ ಒನ್‌ನ 117 ದಿನಗಳನ್ನು ಈ 90ರ ಪಕ್ಕ ಇಟ್ಟು ನೋಡಿ. ಬ್ಯಾಂಕು ಹಳೆಯ ಲಾಗ್‌ಗಳನ್ನು ಉಳಿಸಿಕೊಂಡಿರದಿದ್ದರೆ ಸುಳಿವು ಬರುವ ಹೊತ್ತಿಗೆ ಕಳ್ಳನ ಹೆಜ್ಜೆ ಅಳಿಸಿಹೋಗಿರುತ್ತಿತ್ತು.

ಕೇಳಬೇಕಾದ ಪ್ರಶ್ನೆ

ಇದೆಲ್ಲ ದೂರದ ಸಂಗತಿಯಲ್ಲ. ವಾಷಿಂಗ್ಟನ್ನಿನಲ್ಲಿ ಕತ್ತಲಾಗುವಾಗ ಬೆಂಗಳೂರಿನಲ್ಲಿ ಬೆಳಗಾಗುತ್ತದೆ. ಅಲ್ಲಿಯ ಕಂಪೆನಿಗಳ ಲಾಗ್‌ಗಳನ್ನು ಪರದೆಯ ಮೇಲೆ ಕಾಯುವ ಕೆಲಸ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಚೇರಿಗಳಲ್ಲೂ ಪಾಳಿಯ ಮೇಲೆ ನಡೆಯುತ್ತದೆ. ದಿನಕ್ಕೆ ಸಾವಿರಾರು ಎಚ್ಚರಿಕೆಗಳು ಬರುತ್ತವೆ, ಬಹುಪಾಲು ಸುಳ್ಳು. ನಿಜವಾದ ಒಂದನ್ನು ಆ ರಾಶಿಯಲ್ಲಿ ಹೆಕ್ಕುವುದು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಯಂತ್ರ ಎಷ್ಟೇ ಜರಡಿ ಹಿಡಿದರೂ ಕೊನೆಗೆ ಎರಡನೆಯ ಫೋನ್ ಯಾರದೆಂದು ಕೇಳುವ ಮನುಷ್ಯ ಬೇಕು.

ಕಾನೂನೂ ಬಂದಿದೆ. 2022ರ ಏಪ್ರಿಲ್ 28ರಂದು ಭಾರತ ಸರ್ಕಾರದ ಕಂಪ್ಯೂಟರ್ ತುರ್ತು ಸ್ಪಂದನಾ ತಂಡ, ಸರ್ಟ್-ಇನ್, ಹೊರಡಿಸಿದ ನಿರ್ದೇಶನದಂತೆ ಕಂಪೆನಿಗಳು, ದತ್ತಾಂಶ ಕೇಂದ್ರಗಳು, ಸರ್ಕಾರಿ ಸಂಸ್ಥೆಗಳು ತಮ್ಮ ಲಾಗ್‌ಗಳನ್ನು 180 ದಿನ ಕಾಪಾಡಬೇಕು. ದಾಳಿಯಾದರೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಒಳ್ಳೆಯ ನಿಯಮ. ಆದರೆ 'ಗಮನಕ್ಕೆ ಬಂದ' ಎಂಬ ಮಾತಿನ ಮೇಲೆ ಬೆರಳಿಟ್ಟು ನೋಡಬೇಕು. ಇಂಥ ನಿಯಮದಡಿ ಮೆಕ್ಲೀನ್‌ನ ಗೋಪುರದ 6 ಗಂಟೆಗಳು ಆರಂಭವಾಗುತ್ತಿದ್ದದ್ದು 117 ದಿನಗಳ ನಂತರ! ಕಂಡ ಮೇಲೆ ಎಷ್ಟು ಬೇಗ ಹೇಳಬೇಕೆಂದು ಕಾನೂನು ಹೇಳಬಲ್ಲದು. ಕಾಣಲೇಬೇಕು ಎಂದು ಯಾವ ಕಾನೂನೂ ಹೇಳಲಾರದು.

ಆದ್ದರಿಂದ ಜಿಲ್ಲಾ ಸಹಕಾರ ಬ್ಯಾಂಕಿನ ಆಡಳಿತ ಮಂಡಳಿಯಾಗಲಿ, ಆಸ್ಪತ್ರೆಯ ಮೇಲ್ವಿಚಾರಕರಾಗಲಿ, ಮಕ್ಕಳ ದಾಖಲೆಗಳನ್ನು ಮೋಡಕ್ಕೆ ಏರಿಸುವ ವಿದ್ಯಾಸಂಸ್ಥೆಯಾಗಲಿ ಬಾಡಿಗೆ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಕೆಲವು ಮಾತು ಕೇಳಿಕೊಳ್ಳಬೇಕು. ನಮ್ಮದು ಅಲ್ಲಿ ಏನೇನಿದೆ ಎಂಬ ಪಟ್ಟಿ ಇದೆಯೇ? ಯಾರ ಯಾರ ಬಳಿ ಬೀಗದ ಕೈಯಿದೆ, ಅವರಿಗೆಲ್ಲ ಅದು ಬೇಕೇ? ಬಂದುಹೋದವರ ರಿಜಿಸ್ಟರ್ ನಮಗೆ ಸಿಗುತ್ತದೆಯೇ, ಎಷ್ಟು ದಿನ, ಎಷ್ಟು ಹಣಕ್ಕೆ? ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ನಮ್ಮಲ್ಲಿ ಓದುವವರು ಯಾರು? ಮೊದಲ ಮೂರಕ್ಕೆ ಮೋಡದ ಮಾಲೀಕರಿಂದ ಉತ್ತರ ಕೇಳಿ ಪಡೆಯಬಹುದು. ನಾಲ್ಕನೆಯದಕ್ಕೆ ಉತ್ತರವನ್ನು ಮನೆಯವರೇ ಹುಡುಕಿಕೊಳ್ಳಬೇಕು.